ಹಾಸಿಗೆಯಿಂದ ಹೆಜ್ಜೆಗೆ: ಅಂತ್ರವೃದ್ಧಿಯ ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆಯ ಚರಿತ್ರೆ

೧

ಖಡಕಿ ಎಂಬ ಹೆಸರು ಇತಿಹಾಸದ ವಿದ್ಯಾರ್ಥಿಗೆ ಮೊದಲು ಒಂದು ಯುದ್ಧವನ್ನು ನೆನಪಿಗೆ ತರುತ್ತದೆ. 1817ರ ನವೆಂಬರ್ 5ರಂದು ಎರಡನೆಯ ಬಾಜಿರಾಯನ ಸೈನ್ಯವು ಬಾಪು ಗೋಖಲೆಯ ನಾಯಕತ್ವದಲ್ಲಿ ಇಂಗ್ಲಿಷರ ಚಿಕ್ಕ ದಳವನ್ನು ಇಲ್ಲಿ ಎದುರಿಸಿ ಹಿಮ್ಮೆಟ್ಟಿತು. ಈ ಯುದ್ಧದ ಫಲವು ಪುಣೆಯ ಸುತ್ತಮುತ್ತಲಿಗಷ್ಟೇ ಸೀಮಿತವಾಗಲಿಲ್ಲ. ಮರುವರ್ಷದಲ್ಲಿಯೇ ಧಾರವಾಡ, ಬೆಳಗಾವಿ ಪ್ರದೇಶಗಳು ಇಂಗ್ಲಿಷರ ಕೈಸೇರಿ, ಮುಂದೆ ಮುಂಬಯಿ ಪ್ರಾಂತದ ಭಾಗಗಳಾದುವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕರ್ನಾಟಕದ ಕನ್ನಡಿಗನಿಗೆ ಪುಣೆಯು ತನ್ನ ಪ್ರಾಂತದ ಒಂದು ದೊಡ್ಡ ಊರೇ ಆಗಿತ್ತು. ವಿದ್ಯೆಗಾಗಿ ಬಂದವರುಂಟು, ಕಚೇರಿಯ ನೌಕರಿಗಾಗಿ ಬಂದವರುಂಟು, ಮೈಮುರಿದು ದುಡಿದು ಹೊಟ್ಟೆ ಹೊರೆಯಲು ಬಂದವರೂ ಉಂಟು. ಈ ದೃಷ್ಟಿಯಿಂದ ನೋಡಿದರೆ, ಕನ್ನಡಿಗರ ಪುಣೆಯ ವಲಸೆಯ ಬೇರುಗಳಲ್ಲಿ ಒಂದು ಖಡಕಿಯ ರಣರಂಗದಲ್ಲಿಯೇ ಇದೆಯೆಂದು ಹೇಳಬಹುದು.

ಯುದ್ಧದ ಅನಂತರ ಖಡಕಿಯು ದಂಡಿನ ಊರಾಯಿತು. 1869ರಲ್ಲಿ ಇಲ್ಲಿ ಮದ್ದುಗುಂಡಿನ ಕಾರಖಾನೆ ಸ್ಥಾಪಿತವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಸ್ಫೋಟಕಗಳ ಕಾರಖಾನೆಯೊಂದು ಅದರ ಜೊತೆಗೂಡಿತು. ಇಂತಹ ಊರಿನ ಚರಿತ್ರೆಯನ್ನು ಬರೆಯುವವರು ಸೇನಾಪತಿಗಳನ್ನೂ ತೋಪುಗಳನ್ನೂ ಲೆಕ್ಕ ಹಾಕುತ್ತಾರೆ. ಪೆಟ್ಟಿಗೆಗಳನ್ನು ಹೊತ್ತ ಹೆಗಲು, ಮೂಟೆಗಳನ್ನು ಎತ್ತಿದ ಸೊಂಟ, ಎತ್ತುವಾಗ ತೊಡೆಸಂದಿನಲ್ಲಿ ಕಾಣಿಸಿಕೊಂಡ ಒಂದು ಚಿಕ್ಕ ಉಬ್ಬು ಇವು ಚರಿತ್ರೆಯ ಪುಟಕ್ಕೆ ಬರುವುದು ವಿರಳ. ಆದರೆ ದುಡಿಯುವ ಮನುಷ್ಯನ ಬಾಳಿನಲ್ಲಿ ಆ ಉಬ್ಬಿಗೆ ಯಾವ ಯುದ್ಧಕ್ಕೂ ಕಡಿಮೆಯಿಲ್ಲದ ಮಹತ್ತ್ವವುಂಟು. ಅದನ್ನು ಶಾಸ್ತ್ರಗ್ರಂಥಗಳು ಅಂತ್ರವೃದ್ಧಿಯೆಂದು ಕರೆದುವು. ಇಂದಿನ ಜನ ಹರ್ನಿಯ ಎನ್ನುತ್ತಾರೆ. ಹೊಟ್ಟೆಯ ಗೋಡೆಯ ದುರ್ಬಲವಾದ ಒಂದೆಡೆಯಿಂದ ಕರುಳಾಗಲಿ ಅದರ ಸುತ್ತಲಿನ ಕೊಬ್ಬಾಗಲಿ ಹೊರಕ್ಕೆ ಜಾರುವುದೇ ಈ ವ್ಯಾಧಿ. ಗಂಡಸರಲ್ಲಿ ನೂರಕ್ಕೆ 27 ಮಂದಿಗೆ, ಹೆಂಗಸರಲ್ಲಿ ನೂರಕ್ಕೆ 3 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ತೊಡೆಸಂದಿನ ಹರ್ನಿಯದ ಚಿಕಿತ್ಸೆ ಬೇಕಾದೀತೆಂಬುದು ವೈದ್ಯರ ಅಂದಾಜು. ಜಗತ್ತಿನಲ್ಲಿ ವರ್ಷಕ್ಕೆ ಎರಡು ಕೋಟಿಗೂ ಮೀರಿ ಇಂತಹ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ.

ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಬರೆದವರು ಹಲವರು. ಶಸ್ತ್ರ ಮುಗಿದ ಮೇಲೆ ರೋಗಿ ಕಳೆಯಬೇಕಾದ ದಿನಗಳಿಗೂ ಒಂದು ಚರಿತ್ರೆಯುಂಟು. ಆ ದಿನಗಳ ನಿಯಮವು ನೂರು ವರ್ಷಗಳೊಳಗೆ ತಲೆಕೆಳಗಾಯಿತು: ಮಲಗಿರಬೇಕೆಂದದ್ದು ಏಳಬೇಕೆಂದಾಯಿತು. ಆಸ್ಪತ್ರೆಯಲ್ಲಿ ನಿಯಮ ಬದಲಾದರೂ ಮನೆಗಳಲ್ಲಿ ಹಳೆಯ ಭೀತಿ ಉಳಿದುಕೊಂಡಿದೆ. ಆ ಭೀತಿಯ ಬೆಲೆಯನ್ನು ಹೆಚ್ಚಾಗಿ ತೆರುವವನು ದಿನಗೂಲಿಯವನು. ಈ ಬದಲಾವಣೆ ಹೇಗಾಯಿತೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ವ್ಯಾಧಿಯು ಹೊಸದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನವು ಏಳು ಬಗೆಯ ವೃದ್ಧಿರೋಗಗಳನ್ನು ಎಣಿಸಿ, ಅವುಗಳಲ್ಲಿ ಅಂತ್ರವೃದ್ಧಿಯನ್ನು ಕೊನೆಯದಾಗಿ ಹೇಳುತ್ತದೆ. ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಹೋರಾಡುವುದು, ಮರದಿಂದ ಬೀಳುವುದು ಮುಂತಾದುವು ಅದರ ಕಾರಣಗಳು. ಊತವನ್ನು ಒತ್ತಿದರೆ ಶಬ್ದ ಮಾಡುತ್ತ ಮೇಲಕ್ಕೆ ಸರಿಯುತ್ತದೆ, ಬಿಟ್ಟರೆ ಮತ್ತೆ ಇಳಿಯುತ್ತದೆ ಎಂಬ ಲಕ್ಷಣವನ್ನೂ ಪ್ರಾಚೀನರು ಬಲ್ಲರು. ಇಂದು ಯಾವ ವೈದ್ಯನು ಪರೀಕ್ಷಿಸಿದರೂ ನೋಡುವುದು ಇದನ್ನೇ. ಕರುಳು ವೃಷಣಕೋಶದವರೆಗೆ ಇಳಿದಿದ್ದರೆ ರೋಗವು ಅಸಾಧ್ಯವೆಂದೂ, ಇಳಿಯದಿದ್ದರೆ ದಾಹಕರ್ಮವನ್ನು ಮಾಡಬಹುದೆಂದೂ ಸಂಹಿತೆಯ ಅಭಿಪ್ರಾಯ. ಕೈಮೀರಿದ್ದನ್ನು ಕೈಮೀರಿದ್ದೆಂದು ಒಪ್ಪಿಕೊಂಡ ಪ್ರಾಮಾಣಿಕತೆ ಇಲ್ಲಿ ಎದ್ದು ಕಾಣುತ್ತದೆ.

ಭಾರವೇ ಕಾರಣವೆಂಬ ಮಾತಿಗೆ ಇಂದಿನ ವಿಜ್ಞಾನವು ಒಂದು ತಿದ್ದುಪಡಿಯನ್ನು ಸೇರಿಸಿದೆ. ಹುಟ್ಟಿನಿಂದಲೇ ಉಳಿದುಬಂದ ಒಂದು ದಾರಿ, ಅಂಗಾಂಶಗಳ ಸಹಜ ದೌರ್ಬಲ್ಯ, ವಂಶಪಾರಂಪರ್ಯ, ವಯಸ್ಸು ಇವು ನೆಲವನ್ನು ಹದಮಾಡಿರುತ್ತವೆ. ಭಾರ ಎತ್ತುವುದು, ಬಹುಕಾಲದ ಕೆಮ್ಮು, ಮಲಬದ್ಧತೆಯ ಮುಕ್ಕುವಿಕೆ ಅಡಗಿದ್ದನ್ನು ಹೊರಗೆಡಹುತ್ತವೆ. ಆದಕಾರಣ ಗುಮಾಸ್ತನಿಗೂ ಹರ್ನಿಯ ಬರಬಹುದು. ಆದರೆ ಅದು ಅನ್ನಕ್ಕೆ ಸಂಚಕಾರ ತರುವುದು ಹೊರೆಯಾಳಿಗೆ.

ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಇಂತಹವನಿಗಿದ್ದ ಆಸರೆ ಒಂದೇ: ಸೊಂಟಕ್ಕೆ ಬಿಗಿಯುವ ಒತ್ತುಪಟ್ಟಿ. ಉಕ್ಕಿನ ಸುರುಳಿಯೂ ಚರ್ಮದ ಗದ್ದಿಗೆಯೂ ಇದ್ದ ಈ ಪಟ್ಟಿಯು ಕರುಳನ್ನು ಒಳಗೆ ತಡೆದಿಡುತ್ತಿತ್ತು, ರೋಗವನ್ನು ವಾಸಿಮಾಡುತ್ತಿರಲಿಲ್ಲ. ಶಸ್ತ್ರಕ್ರಿಯೆಗೆ ಧೈರ್ಯ ಮಾಡಿದವರಲ್ಲಿ ಗಾಯ ಕೀತು ಸತ್ತವರು ಅನೇಕರು. ಉಳಿದವರಿಗೂ ವ್ಯಾಧಿ ಮರುಕಳಿಸುತ್ತಿತ್ತು. ಎಲ್ಲಕ್ಕಿಂತ ಘೋರವಾದುದು ಕರುಳು ಸಿಕ್ಕಿಕೊಳ್ಳುವ ಸಂಕಟ. ಹೊರಜಾರಿದ ಕರುಳು ಮರಳಿ ಒಳಗೆ ಹೋಗದೆ, ರಕ್ತ ಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಸತ್ತುಹೋಗುತ್ತದೆ. ಅಂತಹ ರೋಗಿಗೆ ಆಗ ಉಳಿವು ಅಪರೂಪವಾಗಿತ್ತು.

೩

ಈ ಸ್ಥಿತಿಯನ್ನು ಬದಲಾಯಿಸಿದವನು ಇಟಲಿಯ ಎದುವಾರ್ದೊ ಬಸ್ಸೀನಿ. ಅವನ ಕಥೆಯಲ್ಲಿಯೂ ಒಂದು ಯುದ್ಧವಿದೆ. 1867ರಲ್ಲಿ ಇಟಲಿಯ ಏಕೀಕರಣಕ್ಕಾಗಿ ರೋಮಿನ ಬಳಿಯ ವಿಲ್ಲಾ ಗ್ಲೋರಿಯಲ್ಲಿ ಹೋರಾಡಿದ ಸ್ವಯಂಸೇವಕರಲ್ಲಿ ಅವನೂ ಒಬ್ಬ. ಶತ್ರುವಿನ ಸನೀನು ಅವನ ತೊಡೆಸಂದನ್ನೇ ಇರಿಯಿತು. ಗಾಯದ ದಾರಿಯಿಂದ ಮಲ ಸೋರತೊಡಗಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಕಡೆಗೆ ಗುಣ ಹೊಂದಿದ. ತನ್ನ ದೇಹದಲ್ಲಿ ಯಾವ ಎಡೆ ಇರಿತಕ್ಕೆ ಒಳಗಾಯಿತೋ ಅದೇ ಎಡೆಯ ರಚನೆಯನ್ನು ಅವನು ಮುಂದೆ ಜೀವಮಾನವೆಲ್ಲ ಅಭ್ಯಸಿಸಿದ್ದು ಒಂದು ವಿಚಿತ್ರ ಸಂಯೋಗ. ಪಾದುವಾ ನಗರದಲ್ಲಿ 1884ರಲ್ಲಿ ಆರಂಭಿಸಿದ ಅವನ ಕ್ರಮವು, ಸ್ನಾಯುಗಳನ್ನು ಪದರಪದರವಾಗಿ ಹೊಲಿದು ತೊಡೆಸಂದಿನ ಹಿಂಗೋಡೆಯನ್ನು ಪುನಃ ಕಟ್ಟುವುದು. ಒತ್ತುಪಟ್ಟಿಯ ಹಂಗಿಲ್ಲದೆ ರೋಗಿ ಬದುಕಬೇಕೆಂಬುದು ಅವನ ಗುರಿ. ಆ ಗುರಿ ಕೈಗೂಡಿತು. ಆ ಬಳಿಕ ಸುಮಾರು ನೂರು ವರ್ಷಗಳ ಕಾಲ ಲೋಕದ ಶಸ್ತ್ರವೈದ್ಯರು ಅವನ ದಾರಿಯನ್ನೇ ಅಷ್ಟಿಷ್ಟು ತಿದ್ದಿಕೊಂಡು ನಡೆದರು.

ಆದರೆ ಹೊಲಿಗೆಯ ಬಲದ ಮೇಲೆ ವೈದ್ಯರಿಗೆ ಇನ್ನೂ ಪೂರ್ಣ ನಂಬಿಕೆ ಇರಲಿಲ್ಲ. ಎಳೆದು ಕೂಡಿಸಿದ ಸ್ನಾಯುಗಳು ಬಿಗಿತದಿಂದ ಬಿಟ್ಟುಕೊಂಡಾವೆಂಬ ಭಯದಿಂದ ರೋಗಿಯನ್ನು ಎರಡು ಮೂರು ವಾರಗಳ ಕಾಲ ಅಂಗಾತ ಮಲಗಿಸುವುದು ರೂಢಿಯಾಯಿತು. ಕೆಮ್ಮಬಾರದು, ಮಗ್ಗುಲಾಗಬಾರದು, ಶೌಚಕ್ಕೂ ಏಳಬಾರದು. ಅನಂತರ ತಿಂಗಳುಗಟ್ಟಲೆ ಭಾರ ಎತ್ತಬಾರದು. ಶಸ್ತ್ರಕ್ಕಿಂತ ವಿಶ್ರಾಂತಿಯೇ ದೊಡ್ಡ ಚಿಕಿತ್ಸೆಯೆಂಬ ಭಾವನೆ ಹೀಗೆ ಬೇರೂರಿತು.

ಆ ಕಾಲದಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವುದೆಂದರೆ ಏನೆಂಬುದಕ್ಕೆ ಖಡಕಿಗೆ ಸಮೀಪದಲ್ಲಿಯೇ ಒಂದು ಸುಪ್ರಸಿದ್ಧ ಉದಾಹರಣೆಯುಂಟು. ಅದು ಹರ್ನಿಯದ ಪ್ರಸಂಗವಲ್ಲ, ಅಪೆಂಡಿಸೈಟಿಸಿನದು. ಯರವಡಾ ಸೆರೆಮನೆಯಲ್ಲಿದ್ದ ಮಹಾತ್ಮಾ ಗಾಂಧಿಯವರಿಗೆ 1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುದ್ದೀಪ ಆರಿಹೋಗಿ, ಲಾಂದ್ರದ ಬೆಳಕಿನಲ್ಲಿ ಕಾರ್ಯವನ್ನು ಮುಗಿಸಬೇಕಾಯಿತು. ಫೆಬ್ರವರಿ 5ರಂದು ಸರಕಾರವು ಅವರನ್ನು ಬಿಡುಗಡೆ ಮಾಡಿತು. ಆದರೆ ಆಸ್ಪತ್ರೆಯಿಂದ ಹೊರಡುವ ವೇಳೆಗೆ ಮಾರ್ಚಿ ಬಂದಿತ್ತು. ಅಲ್ಲಿಂದಲೂ ಅವರು ನೇರವಾಗಿ ಕಾರ್ಯರಂಗಕ್ಕೆ ಇಳಿಯದೆ ಜುಹೂವಿನ ಕಡಲದಂಡೆಯಲ್ಲಿ ಕೆಲಕಾಲ ವಿಶ್ರಮಿಸಿದರು. ಅವರ ಗಾಯ ಬೇಗ ಮಾಯಲಿಲ್ಲವೆಂಬುದು ನಿಜ. ಅದರೂ ಸೆರೆಮನೆಯ ಬಾಗಿಲಿಗಿಂತ ಆಸ್ಪತ್ರೆಯ ಬಾಗಿಲು ತಡವಾಗಿ ತೆರೆದುದು ಆ ಯುಗದ ಚೇತರಿಕೆಯ ಗತಿಯನ್ನು ತೋರಿಸುತ್ತದೆ.

೪

ಮಲಗಿರುವುದು ಒಳ್ಳೆಯದೇ ಎಂಬ ಸಂದೇಹವನ್ನು ಮೊದಲು ಎತ್ತಿದವರ ಮಾತು ಅರಣ್ಯರೋದನವಾಯಿತು. 1899ರಲ್ಲಿ ಚಿಕಾಗೋ ನಗರದ ಎಮಿಲ್ ರೀಸ್ ತನ್ನ ರೋಗಿಗಳನ್ನು ಒಂದೆರಡು ದಿನಗಳಲ್ಲಿಯೇ ಎಬ್ಬಿಸುತ್ತಿದ್ದುದಾಗಿ ವರದಿ ಮಾಡಿದ. 1909ರಲ್ಲಿ ಗ್ಲಾಸ್ಗೋವಿನ ಜೇಮ್ಸ್ ನಿಕೋಲ್ ಮಕ್ಕಳ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಡೆದ 8,988 ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು ಮುಂದಿಟ್ಟ. ಅವುಗಳಲ್ಲಿ ಹರ್ನಿಯದವೂ ಇದ್ದುವು. ಬಡತಾಯಂದಿರು ಶಸ್ತ್ರವಾದ ಕೂಸುಗಳನ್ನು ಅದೇ ದಿನ ಎತ್ತಿಕೊಂಡು ಮನೆಗೆ ಹೋದರು. ಮಕ್ಕಳು ಹಾಸಿಗೆಯಲ್ಲಿ ಸುಮ್ಮನೆ ಮಲಗಲಾರವು, ತಾಯಿಗಿಂತ ಒಳ್ಳೆಯ ದಾದಿ ಇಲ್ಲ ಎಂಬುದು ಅವನ ವಾದದ ತಿರುಳು. ಶಾಸ್ತ್ರಜ್ಞರು ಕೇಳಿದರು, ಅನುಸರಿಸಿದವರು ಕೆಲವರು.

ಮನಸ್ಸನ್ನು ಬದಲಾಯಿಸಿದ್ದು ಎರಡನೆಯ ಮಹಾಯುದ್ಧ. ಹಾಸಿಗೆಗಳು ಸಾಲವು, ದಾದಿಯರು ಸಾಲರು, ಸೈನಿಕರು ಬೇಗ ದಳಕ್ಕೆ ಮರಳಬೇಕು. ಕೆನಡಾದಲ್ಲಿ ಸೇನಾವೈದ್ಯನಾಗಿದ್ದ ಎಡ್ವರ್ಡ್ ಅರ್ಲ್ ಶೋಲ್ಡಿಸ್, ಹರ್ನಿಯದ ಕಾರಣದಿಂದಲೇ ಎಷ್ಟೋ ತರುಣರು ಸೈನ್ಯಕ್ಕೆ ಅನರ್ಹರಾಗುತ್ತಿರುವುದನ್ನು ಕಂಡ. ಅವರಿಗೆ ಶಸ್ತ್ರಚಿಕಿತ್ಸೆ ಮಾಡಿ, ಬೇಗನೆ ನಡೆಯಿಸಿ, ದಳಕ್ಕೆ ಕಳುಹಿಸಿದ. 1945ರಲ್ಲಿ ಟೊರಾಂಟೊದಲ್ಲಿ ಅವನು ತೆರೆದ ಆಸ್ಪತ್ರೆಯು ಹರ್ನಿಯಕ್ಕೇ ಮೀಸಲಾಗಿತ್ತು. ಆ ಎಡೆಯನ್ನಷ್ಟೇ ಮರಗಟ್ಟಿಸಿ ಶಸ್ತ್ರ ಮಾಡುವುದು, ಮುಗಿದೊಡನೆ ರೋಗಿಯನ್ನು ಎಬ್ಬಿಸಿ ನಡೆಯಿಸುವುದು ಅಲ್ಲಿನ ಪದ್ಧತಿ. ಇದೇ ಕಾಲದಲ್ಲಿ ಅಮೆರಿಕದ ಡೇನಿಯಲ್ ಲೈಟ್‌ಹೌಸರ್ ಬೇಗ ಎಬ್ಬಿಸುವ ಕ್ರಮವನ್ನು ಕುರಿತು ಗ್ರಂಥವನ್ನೇ ಬರೆದ. 1947ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಷರ್ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ವಿನೋದದ ಶೈಲಿಯಲ್ಲಿ ಪಟ್ಟಿಮಾಡಿ ವೈದ್ಯಲೋಕವನ್ನು ಬೆಚ್ಚಿಬೀಳಿಸಿದ. ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಆ ಹೆಪ್ಪು ಶ್ವಾಸಕೋಶಕ್ಕೆ ಹರಿದು ಪ್ರಾಣಾಪಾಯ ತರುವುದು, ಎದೆಯಲ್ಲಿ ಕಫ ಕಟ್ಟುವುದು, ಸ್ನಾಯುಗಳು ಸೊರಗುವುದು, ಮೂತ್ರ ಮಲಗಳು ಕಟ್ಟುವುದು ಇವೆಲ್ಲ ರೋಗದ ಫಲಗಳಲ್ಲ, ವಿಶ್ರಾಂತಿಯ ಫಲಗಳು ಎಂದು ಸ್ಪಷ್ಟವಾಯಿತು. 1955ರಲ್ಲಿ ಎಡಿನ್‌ಬರೋದ ಎರಿಕ್ ಫರ್ಕರ್ಸನ್, ವಯಸ್ಕರ ಹರ್ನಿಯವನ್ನೂ ಒಂದೇ ದಿನದಲ್ಲಿ ಮುಗಿಸಿ ಮನೆಗೆ ಕಳುಹಿಸಬಹುದೆಂದು ನೂರಾರು ರೋಗಿಗಳ ಅನುಭವದಿಂದ ತೋರಿಸಿದ. ಮೂರು ವಾರಗಳ ಹಾಸಿಗೆ ಮೂರು ಗಂಟೆಗಳಿಗೆ ಇಳಿದ ಕಥೆ ಇದು.

ಕ್ರಿಯೆಯೇ ಚೇತರಿಕೆಯೆಂಬ ಈ ತತ್ತ್ವವು ಖಡಕಿಗೆ ಅಪರಿಚಿತವಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಂಗಹೀನರಾದ ಸೈನಿಕರಿಗೆ ಕಸಬು ಕಲಿಸಲೆಂದು 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯು 1922ರಲ್ಲಿ ಖಡಕಿಗೆ ಬಂದು ನೆಲಸಿತು. ಪುಣೆಯಲ್ಲಿ ಕೃತಕ ಅಂಗಗಳ ಕೇಂದ್ರವು 1944ರಲ್ಲಿ ಸ್ಥಾಪಿತವಾಯಿತು. ಬೆನ್ನುಹುರಿಗೆ ಪೆಟ್ಟು ತಗುಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಯೋಧರಿಗಾಗಿ 1974ರಲ್ಲಿ ಖಡಕಿಯಲ್ಲಿ ಪುನರ್ವಸತಿ ಕೇಂದ್ರವೊಂದು ತೆರೆಯಿತು. ಗಾಯ ಮಾಯುವುದು ಚಿಕಿತ್ಸೆಯ ಅರ್ಧ, ಮನುಷ್ಯನು ತನ್ನ ದುಡಿಮೆಗೆ ಮರಳುವುದು ಇನ್ನರ್ಧ ಎಂಬುದು ಈ ಸಂಸ್ಥೆಗಳೆಲ್ಲದರ ಮೂಲಮಂತ್ರ. ಕಾಲು ಕಳೆದುಕೊಂಡವನಿಗೆ ಸಲ್ಲುವ ಈ ಮಾತು ಹರ್ನಿಯದ ಹೊಲಿಗೆ ಹಾಕಿಸಿಕೊಂಡ ಕೂಲಿಯವನಿಗೂ ಸಲ್ಲುತ್ತದೆ.

೫

ಹೊಲಿಗೆಯ ಬಿಗಿತವೇ ಭಯಕ್ಕೆ ಮೂಲವಾಗಿದ್ದುದರಿಂದ, ಬಿಗಿತವಿಲ್ಲದ ದುರಸ್ತಿಯನ್ನು ಹುಡುಕುವುದು ಮುಂದಿನ ಹೆಜ್ಜೆಯಾಯಿತು. 1958ರ ಸುಮಾರಿಗೆ ಅಮೆರಿಕದ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ನೂಲಿನ ಜಾಲರಿಯನ್ನು ಬಳಕೆಗೆ ತಂದ. ಸ್ನಾಯುಗಳನ್ನು ಎಳೆಯದೆ ದುರ್ಬಲವಾದ ಎಡೆಯ ಮೇಲೆ ಜಾಲರಿಯ ತೇಪೆ ಹಾಕುವ ಕ್ರಮವನ್ನು 1980ರ ದಶಕದಲ್ಲಿ ಇರ್ವಿಂಗ್ ಲಿಕ್ಟೆನ್‌ಸ್ಟೈನ್ ಜನಪ್ರಿಯಗೊಳಿಸಿದ. ಅದೇ ದಶಕದಲ್ಲಿ ಮೊದಲ ಪ್ರಯತ್ನಗಳನ್ನು ಕಂಡು ಮುಂದೆ ಬೆಳೆದ ದೂರದರ್ಶಕ ವಿಧಾನವು ದೊಡ್ಡ ಗಾಯದ ಬದಲು ಮೂರು ಸಣ್ಣ ರಂಧ್ರಗಳಿಂದಲೇ ಜಾಲರಿಯನ್ನು ಒಳಗಿಡುತ್ತದೆ.

ಈ ಘಟ್ಟದಲ್ಲಿ ಮಹಾರಾಷ್ಟ್ರದ ಇಬ್ಬರು ಶಸ್ತ್ರವೈದ್ಯರ ಕೊಡುಗೆ ಸ್ಮರಣಾರ್ಹವಾಗಿದೆ. ಜಾಲರಿಯ ಬೆಲೆ ಬಡವನ ಕೈಗೆಟುಕದ್ದಾಗಿತ್ತು. ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಸಣ್ಣ ಊರಿನ ಡಾ. ರವೀಂದ್ರನಾಥ ತೊಂಗಾಂವ್ಕರ್, ಸೊಳ್ಳೆಪರದೆಯ ಬಟ್ಟೆಯನ್ನು ಕತ್ತರಿಸಿ ಶುದ್ಧಿಮಾಡಿ ಜಾಲರಿಯಾಗಿ ಬಳಸಿದರು. ಹಲವು ವೈದ್ಯರು ಕೂಡಿ ನಡೆಸಿದ ಪ್ರಯೋಗದ ಫಲವನ್ನು 2003ರಲ್ಲಿ ಪ್ರಕಟಿಸಿದರು. ನಗುವವರು ನಕ್ಕಿರಬಹುದು. 2016ರಲ್ಲಿ ಉಗಾಂಡಾ ದೇಶದ ಪರೀಕ್ಷೆಯೊಂದು ಅಗ್ಗದ ಸೊಳ್ಳೆಪರದೆಯ ಜಾಲರಿಯು ದುಬಾರಿಯಾದ ಜಾಲರಿಗೆ ಯಾವುದರಲ್ಲಿಯೂ ಕಡಿಮೆಯಿಲ್ಲವೆಂದು ಸಾರಿದಾಗ ಆ ಚಿಕ್ಕ ಊರಿನ ವೈದ್ಯನ ವಿವೇಕಕ್ಕೆ ಪುಷ್ಟಿ ದೊರೆಯಿತು. ಇನ್ನೊಬ್ಬರು ಪುಣೆಯವರೇ ಆದ ಡಾ. ಮೋಹನ ದೇಸರಡಾ. ಅವರು ಜಾಲರಿಯನ್ನೇ ಬಿಟ್ಟು, ರೋಗಿಯ ಹೊಟ್ಟೆಯ ಹೊರಪದರದ ಸ್ನಾಯುಪೊರೆಯಿಂದ ಒಂದು ಪಟ್ಟಿಯನ್ನು ಬಿಡಿಸಿ ಹಿಂಗೋಡೆಗೆ ಹೊಲಿಯುವ ಕ್ರಮವನ್ನು ರೂಪಿಸಿ 2001ರಲ್ಲಿ ಲೋಕದ ಮುಂದಿಟ್ಟರು. ಅನ್ಯವಸ್ತುವಿನ ಸಹಾಯವಿಲ್ಲದ ಈ ವಿಧಾನವನ್ನು ಅನೇಕ ದೇಶಗಳ ವೈದ್ಯರು ಪರೀಕ್ಷಿಸಿದ್ದಾರೆ. ಖಡಕಿಯನ್ನು ಒಳಗೊಂಡ ನಗರವೊಂದು ಈ ವ್ಯಾಧಿಯ ಚಿಕಿತ್ಸೆಯ ಚರಿತ್ರೆಯಲ್ಲಿ ಹೀಗೆ ತನ್ನದೇ ಸ್ಥಾನವನ್ನು ಪಡೆದಿದೆ.

೬

ಇಷ್ಟು ಚರಿತ್ರೆಯ ಫಲವಾಗಿ ಇಂದಿನ ರೋಗಿಗೆ ಒದಗುವ ಅನುಭವವೇನು? ಶಸ್ತ್ರವಾದ ದಿನವೇ, ಬಹುಪಾಲು ಕೆಲವು ಗಂಟೆಗಳೊಳಗೆ, ಅವನನ್ನು ಎಬ್ಬಿಸಿ ನಡೆಯಿಸುತ್ತಾರೆ. ತೊಂದರೆಯಿಲ್ಲದಿದ್ದರೆ ಆ ಸಂಜೆಯೋ ಮರುದಿನವೋ ಮನೆಗೆ ಕಳುಹಿಸುತ್ತಾರೆ. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗನ್ನು ಮರಗಟ್ಟಿಸಿದ್ದರೆ ಮೂತ್ರ ಬಿಡಲು ಕಷ್ಟವಾಗಬಹುದು. ವಯಸ್ಸಾದ ಗಂಡಸರಲ್ಲಿ ಇದು ಹೆಚ್ಚು. ಆದುದರಿಂದ ಒಮ್ಮೆ ಸರಾಗವಾಗಿ ಮೂತ್ರವಾದ ಮೇಲೆಯೇ ಮನೆಗೆ ಹೊರಡುವುದು ಕ್ಷೇಮ.

ಮೊದಲ ಎರಡು ಮೂರು ದಿನಗಳ ನೋವೇ ಹೆಚ್ಚಿನದು. ಮಲಗಿದವನು ನೇರವಾಗಿ ಮೇಲೇಳಲು ಹೋದರೆ ಹೊಟ್ಟೆಯ ಸ್ನಾಯುಗಳು ಸೆಳೆಯುತ್ತವೆ; ಮಗ್ಗುಲಾಗಿ, ಕೈಯೂರಿ, ಕಾಲುಗಳನ್ನು ಕೆಳಗಿಳಿಸಿ ಏಳುವುದು ಸುಲಭ. ಕೆಮ್ಮು, ಸೀನು ಬಂದಾಗ ಗಾಯದ ಮೇಲೆ ಅಂಗೈಯನ್ನೋ ಮೆತ್ತನೆಯ ದಿಂಬನ್ನೋ ಒತ್ತಿಹಿಡಿಯಬೇಕು. ನೋವಿನ ಮಾತ್ರೆಗಳನ್ನು ವೈದ್ಯರು ಹೇಳಿದ ವೇಳೆಗೆ ಸರಿಯಾಗಿ ಸೇವಿಸಿದರೆ ನಡೆಯಲು ಧೈರ್ಯ ಬರುತ್ತದೆ. ಮಾತ್ರೆಯ ಉದ್ದೇಶವೂ ಅದೇ. ವೃಷಣಕೋಶವು ಊದಿಕೊಂಡು ಕಪ್ಪುನೀಲಿ ಬಣ್ಣಕ್ಕೆ ತಿರುಗುವುದುಂಟು. ಇದನ್ನು ಕಂಡು ಗಾಬರಿಯಾಗುವವರು ಬಹಳ. ಅದು ಒಳಗಿನ ರಕ್ತವು ಕೆಳಗಿಳಿದುದರ ಗುರುತು, ಒಂದೆರಡು ವಾರಗಳಲ್ಲಿ ಕರಗುತ್ತದೆ. ಹೊಲಿಗೆಯ ಕೆಳಗೆ ಗಟ್ಟಿಯಾದ ದಿಂಡೊಂದು ಕೈಗೆ ತಗುಲುತ್ತದೆ. ಹರ್ನಿಯ ಮತ್ತೆ ಬಂತೆಂದು ರೋಗಿ ಕಂಗೆಡುತ್ತಾನೆ. ಅದು ಗಾಯ ಕೂಡಿಕೊಳ್ಳುವ ಲಕ್ಷಣ, ಕೆಲವು ತಿಂಗಳಲ್ಲಿ ಮೆತ್ತಗಾಗುತ್ತದೆ. ಗಾಯದ ಸುತ್ತಲಿನ ಚರ್ಮ ಜೋಮು ಹಿಡಿದಂತಿರುವುದೂ ಸಾಮಾನ್ಯ.

ನೋವಿನ ಮಾತ್ರೆಗಳು, ಕಡಿಮೆಯಾದ ಓಡಾಟ, ಕಡಿಮೆಯಾದ ನೀರು ಇವು ಮೂರು ಕೂಡಿ ಮಲಬದ್ಧತೆಯನ್ನು ತರುತ್ತವೆ. ಮುಕ್ಕುವುದು ನೋವನ್ನು ಹೆಚ್ಚಿಸುತ್ತದೆ. ನೀರು, ಸೊಪ್ಪು, ಹಣ್ಣು, ಅವಶ್ಯವಿದ್ದರೆ ವೈದ್ಯರು ಕೊಟ್ಟ ಭೇದಿಯ ಔಷಧ ಇವೇ ಇದಕ್ಕೆ ಪರಿಹಾರ. ಸ್ನಾನಕ್ಕೆ ಸಾಮಾನ್ಯವಾಗಿ ಎರಡು ದಿನಗಳ ಅನಂತರ ಅನುಮತಿ ದೊರೆಯುತ್ತದೆ. ಮೇಜಿನ ಕೆಲಸದವನು ಒಂದೆರಡು ವಾರಗಳಲ್ಲಿ ಕಚೇರಿಗೆ ಮರಳುತ್ತಾನೆ. ವಾಹನ ನಡೆಸುವವನು, ನೋವಿಲ್ಲದೆ ಥಟ್ಟನೆ ಬ್ರೇಕು ಒತ್ತಬಲ್ಲೆನೆಂಬ ಭರವಸೆ ಬಂದ ಮೇಲೆಯೇ ನಡೆಸಬೇಕು.

ಭಾರ ಎತ್ತುವ ವಿಷಯದಲ್ಲಿ ಅಭಿಪ್ರಾಯಭೇದವಿದೆ. ನಾಲ್ಕರಿಂದ ಆರು ವಾರಗಳವರೆಗೆ ಬೇಡವೆಂದು ಅನೇಕ ವೈದ್ಯರು ಈಗಲೂ ಹೇಳುತ್ತಾರೆ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಮೈಗೆ ಹಿತವೆನಿಸಿದೊಡನೆ ರೋಗಿ ತನ್ನ ದಿನನಿತ್ಯದ ಕೆಲಸಗಳನ್ನು ನಿರ್ಬಂಧವಿಲ್ಲದೆ ಆರಂಭಿಸಬಹುದೆಂದು ಹೇಳುತ್ತದೆ. ಬೇಗ ಎದ್ದುದರಿಂದ ವ್ಯಾಧಿ ಮರುಕಳಿಸುವುದು ಹೆಚ್ಚಾದುದಕ್ಕೆ ಆಧಾರ ದೊರೆತಿಲ್ಲ. ಎರಡನ್ನೂ ಕೂಡಿಸಿ ನೋಡಿದರೆ ಹೀಗೆನ್ನಬಹುದು: ನಡಿಗೆಗೆ ಯಾವ ತಡೆಯೂ ಇಲ್ಲ, ಭಾರವನ್ನು ಮೈಯ ನೋವನ್ನೇ ಅಳತೆಗೋಲಾಗಿಟ್ಟುಕೊಂಡು ಮೆಲ್ಲಮೆಲ್ಲನೆ ಹೆಚ್ಚಿಸಬೇಕು, ಅವರವರ ಶಸ್ತ್ರದ ಬಗೆಯನ್ನು ಬಲ್ಲ ವೈದ್ಯನ ಮಾತೇ ಕೊನೆಯದು.

ಎಚ್ಚರಿಕೆಯ ಲಕ್ಷಣಗಳೂ ಉಂಟು. ಜ್ವರ, ಗಾಯ ಕೆಂಪೇರಿ ಕೀವು ಸೋರುವುದು, ಮೂತ್ರ ಕಟ್ಟುವುದು, ಒಂದೇ ಸಮನೆ ವಾಂತಿ, ಊತವು ದಿಢೀರನೆ ಬೆಳೆಯುವುದು, ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು ಕಂಡರೆ ಬೆಳಗಾಗುವವರೆಗೆ ಕಾಯಬಾರದು. ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು. ನೂರಕ್ಕೆ ಹತ್ತು ಹನ್ನೆರಡು ಮಂದಿಯಲ್ಲಿ ಗಣನೀಯವಾದ ನೋವು ಮೂರು ತಿಂಗಳನ್ನೂ ಮೀರಿ ಉಳಿಯಬಹುದು. ಕಾಲಕ್ರಮದಲ್ಲಿ ಅದು ತಗ್ಗುತ್ತದೆ. ಅಂತಹವರ ದೂರನ್ನು ಮೈಗಳ್ಳತನವೆಂದು ತಳ್ಳಿಹಾಕುವುದು ಅನ್ಯಾಯ.

೭

ಆಸ್ಪತ್ರೆಯ ಮಾತು ಹೀಗಿದ್ದರೆ, ಮನೆಯ ಮಾತು ಬೇರೆ. ಕನ್ನಡದ ಮನೆಗಳಲ್ಲಿ ಗಾಯವಾದವನಿಗೆ ಮೊದಲು ಕೇಳಿಬರುವ ಶಬ್ದ ನಂಜು. ಬದನೆಕಾಯಿ ನಂಜು, ಹುಳಿ ಹಾಕಿದರೆ ಕೀವು, ಮೊಸರು ತಂಪು. ಒಂದೊಂದಾಗಿ ಕಳೆಯುತ್ತ ಹೋಗಿ ರೋಗಿಯ ಎಲೆಯಲ್ಲಿ ಉಳಿಯುವುದು ಮೆತ್ತಗಿನ ಅನ್ನ ಮತ್ತು ತಿಳಿಸಾರು. ಪಥ್ಯದ ಕಲ್ಪನೆಯು ಕನ್ನಡಕ್ಕೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ವೈದ್ಯಗ್ರಂಥವನ್ನು ಕನ್ನಡಿಸಿದ ಭಾಷೆಯಿದು. ಆಹಾರವೂ ಔಷಧವೆಂಬ ಆ ಪರಂಪರೆಯ ಒಳಅರ್ಥವು ಗೌರವಕ್ಕೆ ಯೋಗ್ಯವಾದುದೇ. ಆದರೆ ಗಾಯ ಕೂಡಲು ದೇಹಕ್ಕೆ ಬೇಕಾದುದು ಸಸಾರಜನಕ: ಬೇಳೆ, ಮೊಳಕೆ ಬಂದ ಕಾಳು, ಹಾಲು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ. ಕೀವು ಬರುವುದು ಸೂಕ್ಷ್ಮಜೀವಿಗಳಿಂದ, ಬದನೆಯಿಂದಲ್ಲ. ಜೋಳದ ರೊಟ್ಟಿಗೂ ಕಾಳುಪಲ್ಲೆಗೂ ಒಗ್ಗಿದ ಮೈಗೆ ವಾರಗಟ್ಟಲೆ ಗಂಜಿಯನ್ನೇ ಕೊಡುವುದು ಪಥ್ಯವಲ್ಲ, ಉಪವಾಸ.

ಎರಡನೆಯದು ಹಾಸಿಗೆಯ ಮೇಲಿನ ಪ್ರೀತಿ. ಮನೆಯ ಹಿರಿಯರು ಆತನನ್ನು ಬಾಣಂತಿಯಂತೆ ಕೋಣೆಯಲ್ಲಿ ಮಲಗಿಸಿ, ಏಳಬೇಡವೆಂದು ಗದರುತ್ತಾರೆ. ಆ ಗದರಿಕೆಯ ಹಿಂದೆ ಇರುವುದು ಅಕ್ಕರೆ. ಅವರು ಕಂಡ ಕಾಲದ ವೈದ್ಯರು ಹೇಳಿದ್ದೂ ಅದನ್ನೇ. ಹಿಂದಿನ ಪೀಳಿಗೆಯ ಶಾಸ್ತ್ರವೇ ಇಂದಿನ ಪೀಳಿಗೆಯ ಸಂಪ್ರದಾಯವಾಗಿ ಮನೆಯಲ್ಲಿ ಉಳಿಯುವ ಬಗೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ವಲಸೆ ಬಂದ ಕುಟುಂಬದಲ್ಲಿ ಸಮಸ್ಯೆ ಇನ್ನೂ ಜಟಿಲ. ನೋಡಿಕೊಳ್ಳಲು ಊರಿನಿಂದ ಯಾರಾದರೂ ಬರಬೇಕು, ಇಲ್ಲವೆ ರೋಗಿಯೇ ಊರಿಗೆ ಹೋಗಬೇಕು. ಹೊಲಿಗೆ ಹಸಿಯಿರುವಾಗ ರಾತ್ರಿಯೆಲ್ಲ ಅಲುಗಾಡದೆ ಕುಳಿತು ಪಯಣ ಮಾಡುವುದಕ್ಕಿಂತ, ಇದ್ದಲ್ಲಿಯೇ ಇದ್ದು ದಿನಕ್ಕೆ ನಾಲ್ಕು ಬಾರಿ ಓಣಿಯ ಕೊನೆಯವರೆಗೆ ನಡೆದುಬರುವುದು ಲೇಸು. ಹೆಂಗಸಿನ ಪಾಡು ಇನ್ನೊಂದು ಬಗೆ. ಅವಳಲ್ಲಿ ಹರ್ನಿಯ ವಿರಳವಾದರೂ, ತೊಡೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುವ ಬಗೆಯು ಬೇಗ ಸಿಕ್ಕಿಕೊಳ್ಳುವಂತಹದು. ಸಂಕೋಚದಿಂದ ಅವಳು ಹೇಳುವುದಿಲ್ಲ. ಶಸ್ತ್ರವಾದ ಮೇಲೆ ನೀರಿನ ಕೊಡವನ್ನು ಅವಳ ಕೈಯಿಂದ ತೆಗೆದುಕೊಳ್ಳುವವರು ಯಾರೆಂಬುದೇ ಅವಳ ಚೇತರಿಕೆಯ ಪ್ರಶ್ನೆ.

೮

ಈ ವಿವೇಚನೆಯ ಕೊನೆಗೆ ಉಳಿಯುವುದು ಕೂಲಿಯ ಮಾತು. ವಿಜ್ಞಾನವು ಮೂರು ವಾರಗಳ ಹಾಸಿಗೆಯನ್ನು ಕಿತ್ತುಹಾಕಿತು. ಹೊರೆಯಾಳಿಗೆ ಮಾತ್ರ ಭಾರ ಎತ್ತದ ಕೆಲವು ವಾರಗಳು ಇನ್ನೂ ಬೇಕಾಗುತ್ತವೆ. ಆ ವಾರಗಳ ಅನ್ನವೆಲ್ಲಿಂದ? 1948ರ ಕಾರಖಾನೆ ಶಾಸನದ 34ನೆಯ ಕಲಮು, ಮೈಗೆ ಹಾನಿಯಾಗುವಷ್ಟು ಭಾರವನ್ನು ಕಾರ್ಮಿಕನಿಂದ ಎತ್ತಿಸಕೂಡದೆಂದು ವಿಧಿಸಿತು. ಅದೇ ವರ್ಷದ ಕಾರ್ಮಿಕರ ರಾಜ್ಯವಿಮಾ ಶಾಸನವು ಕಾಯಿಲೆಯ ಕಾಲದಲ್ಲಿಯೂ ವೇತನದ ಒಂದು ಭಾಗವನ್ನು ಕೊಡುವ ವ್ಯವಸ್ಥೆಗೆ ಅಡಿಪಾಯ ಹಾಕಿ, 1952ರಲ್ಲಿ ಕಾನಪುರ ಮತ್ತು ದೆಹಲಿಗಳಲ್ಲಿ ಜಾರಿಗೆ ಬಂದಿತು. ಖಡಕಿಯಂತಹ ಊರಿನಲ್ಲಿ ರಕ್ಷಣಾ ಕಾರಖಾನೆಯ ಖಾಯಂ ನೌಕರನಿಗೆ ರಜೆಯೂ ಚಿಕಿತ್ಸೆಯೂ ದೊರೆತುವು. 2021ರಲ್ಲಿ ಆ ಕಾರಖಾನೆಗಳು ಸರಕಾರಿ ಕಂಪನಿಗಳ ರೂಪವನ್ನು ತಾಳಿದುವು. ಆದರೆ ಗುತ್ತಿಗೆಯಾಳು, ಹಮಾಲ, ಕಟ್ಟಡದ ಕೂಲಿ ಇವರಲ್ಲಿ ಹಲವರು ಯಾವ ವಿಮೆಯ ನೆರಳಿಗೂ ಬಂದಿಲ್ಲ.

ಇಂತಹವನು ಉಬ್ಬನ್ನು ಬಚ್ಚಿಡುತ್ತಾನೆ. ಗುತ್ತಿಗೆದಾರನಿಗೆ ತಿಳಿದರೆ ಕೆಲಸ ಹೋದೀತು, ಶಸ್ತ್ರ ಮಾಡಿಸಿಕೊಂಡರೆ ತಿಂಗಳ ಕೂಲಿ ಹೋದೀತು ಎಂದು ಪಂಚೆಯನ್ನು ಬಿಗಿಯಾಗಿ ಕಟ್ಟಿಕೊಂಡು ದುಡಿಯುತ್ತಾನೆ. ಒಂದು ದಿನ ಕರುಳು ಸಿಕ್ಕಿಕೊಂಡು, ಅರ್ಧಗಂಟೆಯ ಸಾಮಾನ್ಯ ಶಸ್ತ್ರಚಿಕಿತ್ಸೆ ಪ್ರಾಣದ ಪ್ರಶ್ನೆಯಾಗುತ್ತದೆ. ಸುಶ್ರುತನು ಅಸಾಧ್ಯವೆಂದುದನ್ನು ಬಸ್ಸೀನಿ ಸಾಧ್ಯವಾಗಿಸಿದ. ಬಸ್ಸೀನಿಯ ಕಾಲದಲ್ಲಿ ದುಬಾರಿಯಾಗಿದ್ದ ದಿನಗಳನ್ನು ಶೋಲ್ಡಿಸ್ ಮುಂತಾದವರು ಉಳಿಸಿದರು. ದುಬಾರಿಯಾಗಿದ್ದ ಜಾಲರಿಯನ್ನು ದೊಂಡಾಯಿಚಾದ ವೈದ್ಯರು ಅಗ್ಗಮಾಡಿದರು. ವೈದ್ಯರ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿದಿದೆ. ಉಳಿದಿರುವುದು ಸಮಾಜದ ಪಾಲು. ಹಿಂದೆ ದಂಡಿನ ಊರಿನಲ್ಲಿ ಅಂಗಹೀನನಾದ ಸಿಪಾಯಿಗೆ ಕಸಬು ಕಲಿಸಿ ನಿಲ್ಲಿಸಿದ ವಿವೇಕವನ್ನು ಭಾರ ಹೊರುವ ನಾಗರಿಕನಿಗೂ ವಿಸ್ತರಿಸಬೇಕಾಗಿದೆ: ಅವನಿಗೆ ಕೆಲವು ವಾರ ಹಗುರವಾದ ಕೆಲಸ, ಅದೂ ಇಲ್ಲದಿದ್ದರೆ ಆ ವಾರಗಳ ಕೂಲಿ. ಪರವೂರಿನಲ್ಲಿ ನೆಲಸಿದ ಕನ್ನಡಿಗರ ಸಂಘಸಂಸ್ಥೆಗಳು ನೋಡಿಕೊಳ್ಳುವವರಿಲ್ಲದ ಒಬ್ಬ ರೋಗಿಯ ಮನೆಗೆ ಹೋಗಿ, ತಿಳಿಸಾರಿನ ಜೊತೆಗೆ ಒಂದು ಬಟ್ಟಲು ಬೇಳೆಯನ್ನು ಬಡಿಸಿ, ಕೈಹಿಡಿದು ಓಣಿಯ ಕೊನೆಯವರೆಗೆ ನಡೆಯಿಸಿದರೆ, ಈ ದೀರ್ಘವಾದ ಚರಿತ್ರೆಯ ಕೊನೆಯ ಹೆಜ್ಜೆಯನ್ನು ಅವು ಇಟ್ಟಂತಾಗುತ್ತದೆ.